ಕೂಸಿಗೊಂದು ಪೂರ್ತಿ ಸೀಟು

ನನಗೆ ನಾಚಿಕೆ ಸ್ವಲ್ಪ ಜಾಸ್ತಿ. ಹೋಟೆಲಿನಲ್ಲಿ ಚಹಾ ತಣ್ಣಗಿದ್ದರೆ ಬಿಸಿ ಮಾಡಿಕೊಡಿ ಎನ್ನಲು ನಾಚಿಕೆ. ಬಸ್ಸಿನಲ್ಲಿ ನನ್ನ ಕಾಲು ತುಳಿದು ನಿಂತವರಿಗೆ ಸ್ವಲ್ಪ ಸರಿಯಿರಿ ಎನ್ನಲು ನಾಚಿಕೆ. ಹೈಸ್ಕೂಲಿನಲ್ಲಿ ಮಕ್ಕಳೆದುರು ನಿಂತು ಸಂಧಿ ಸಮಾಸಗಳನ್ನು ಗಟ್ಟಿ ದನಿಯಲ್ಲಿ ಹೇಳಿಕೊಡುವ ಮೇಷ್ಟ್ರು ಹೀಗೆಂದರೆ ಯಾರೂ ನಂಬುವುದಿಲ್ಲ. ಆದರೆ ಇಂಥ ನಾಚಿಕೆಗಳನ್ನೆಲ್ಲ ಒಂದು ತಕ್ಕಡಿಯಲ್ಲಿಟ್ಟು ತೂಗಿದರೂ, ಮಗಳು ಹುಟ್ಟಿದ ವರ್ಷ ಒಂದು ಪ್ಲಾಸ್ಟಿಕ್ ಸೀಟಿನ ದೆಸೆಯಿಂದ ನಾನು ಪಟ್ಟ ನಾಚಿಕೆಗೆ ಸಮ ಬರಲಿಕ್ಕಿಲ್ಲ.

ಹೊಸ ಶತಮಾನ ಶುರುವಾಗಿ ನಾಲ್ಕೈದು ವರ್ಷವಾಗಿತ್ತು. ಶಿರಸಿಯಲ್ಲಿ ನಾನೊಂದು ಹಳೆಯ ಮಾರುತಿ ಕಾರು ಕೊಂಡಿದ್ದೆ. ನನ್ನ ಹೆಂಡತಿ ಸುಮಾಳ ಅಕ್ಕ ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಕೆಲಸ ಬಿಟ್ಟು ಊರಿಗೆ ಬರುವಾಗ ತಮ್ಮ ಮಗ ಕಾರಿನಲ್ಲಿ ಕೂತು ಬೆಳೆದ ಮಕ್ಕಳ ಸೀಟನ್ನು ನಮ್ಮ ಮಗಳಿಗೆಂದು ಹೊತ್ತು ತಂದರು. ಬೇರೆಯವರ ಹಳೆಯ ಸೀಟಾದರೆ ಯಾವ ಅಪಘಾತ ಕಂಡಿದೆಯೋ ಗೊತ್ತಾಗುವುದಿಲ್ಲ, ಇದು ನನ್ನ ಕಣ್ಣೆದುರೇ ಇದ್ದದ್ದು, ಅದಕ್ಕೇ ತಂದೆ ಎಂದರು. ಸೀಟಿಗೂ ಜಾತಕ ನೋಡುತ್ತಾರೆಂದು ನನಗೆ ತಿಳಿದದ್ದು ಆಗಲೇ.

ಕೊಟ್ಟದ್ದನ್ನು ನಾನು ಉತ್ಸಾಹದಿಂದ ಮುಂದಿನ ಸೀಟಿನಲ್ಲಿಟ್ಟು, ಮಗಳು ರಸ್ತೆ ನೋಡುವಂತೆ ಮುಖ ಮುಂದಾಗಿ ಕೂರಿಸಿ, ಪೇಟೆಯಲ್ಲಿ ಒಂದು ಸುತ್ತು ಹಾಕಿದೆ. ಕಿರಾಣಿ ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬಂದು ನೋಡಿದರು. ಮನೆ ಬಾಗಿಲಿನಲ್ಲೇ ಅಕ್ಕ ನಿಂತಿದ್ದರು.

"ಭಾವ, ಇದು ಮೆರವಣಿಗೆಗೆ ಇಪ್ಪದಲ್ಲ" ಎಂದರು.

ಆಮೇಲೆ ಅವರೇ ಹಿಂದಿನ ಸೀಟಿನ ಸಂದಿಯಲ್ಲಿ ಹೂತುಹೋಗಿದ್ದ ಬೆಲ್ಟನ್ನು ಕೈ ಹಾಕಿ ಎಳೆದರು. ಅದರ ಜೊತೆ ಒಂದು ಬಾಚಣಿಗೆ, ಎರಡು ಅಡಿಕೆ ಹೋಳು ಬಂದವು. ಸೀಟನ್ನು ತಿರುಗಿಸಿ, ಮೊಣಕಾಲಿನಿಂದ ಒತ್ತಿ, ಅಲುಗಾಡದಂತೆ ಬಿಗಿದರು. "ಕೂಸಿನ ಕುತ್ತಿಗೆ ಇನ್ನೂ ಗಟ್ಟಿ ಆಜಿಲ್ಲೆ. ಮುಖ ಮುಂದೆ ಮಾಡಿದ್ರೆ ಬ್ರೇಕ್ ಹಾಕಿದಾಗ ತಲೆ ಮುಂದಕ್ಕೆ ಹಾರ್ತು. ಬೆನ್ನು ಮುಂದಕ್ಕಿದ್ರೆ ಸೀಟೇ ಹಿಡ್ಕತ್ತು" ಎಂದರು. ಸೀಟಿನ ಪಟ್ಟಿಗೂ ಕೂಸಿನ ಹೆಗಲಿಗೂ ನಡುವೆ ಒಂದು ಬೆರಳು ಹೋದರೆ ಸಾಕು, ಎರಡು ಹೋದರೆ ಸಡಿಲ. ಚಳಿಯೆಂದು ದಪ್ಪ ಶಾಲು ಸುತ್ತಿ ಅದರ ಮೇಲೆ ಪಟ್ಟಿ ಕಟ್ಟಬಾರದು, ಕಟ್ಟಿದ ಮೇಲೆ ಹೊದೆಸಬೇಕು. ತಲೆ ಸೀಟಿನ ಮೇಲಂಚಿನ ಹತ್ತಿರ ಬಂದಾಗ ದೊಡ್ಡ ಸೀಟು. ಪಕ್ಕದ ಓಣಿಗೆ ಹೋಗುವುದಾದರೂ ಇದೇ ಕ್ರಮ. ಆಸ್ಪತ್ರೆಯಲ್ಲಿ ಏನು ಕಂಡಿದ್ದಿರಿ ಎಂದು ಕೇಳಿದೆ. ಅವರು ಬಗ್ಗಿ ಮಗಳ ಕಾಲ್ಚೀಲ ಸರಿ ಮಾಡತೊಡಗಿದರು.

ನನ್ನ ತಾಯಿಗೆ, ಎಂದರೆ ಆಯಿಗೆ, ಇದು ಸರಿಬರಲಿಲ್ಲ. "ತಮಾ, ಕೂಸಿನ ಎಂತಕ್ಕೆ ಕಟ್ಟಿ ಹಾಕ್ತೆ? ಯನ್ನ ತೊಡೆ ಎಂತಕ್ಕಿದ್ದು?" ಎಂದು ಕೇಳಿದಳು. ಕನ್ನಡ ಮೇಷ್ಟ್ರಾದ ನನಗೂ ಯೋಚನೆ ಹತ್ತಿತು. ಮಗುವನ್ನು ಇಟ್ಟುಕೊಳ್ಳುವ ಜಾಗಗಳಿಗೆ ನಮ್ಮಲ್ಲಿ ಎಷ್ಟೊಂದು ಮಾತುಗಳಿವೆ: ತೊಡೆ, ಮಡಿಲು, ಉಡಿ, ಕಂಕುಳು, ಹೆಗಲು. ಇದಕ್ಕೆ ಮಾತ್ರ ಹೆಸರಿಲ್ಲ. ನೋಡಿದವರು ಬುಟ್ಟಿ ಎಂದರು, ತೊಟ್ಟಿಲು ಎಂದರು, ಹಲ್ಲಿನ ಡಾಕ್ಟರ ಕುರ್ಚಿ ಎಂದರು. ಹೆಸರಿಲ್ಲದ ವಸ್ತುವನ್ನು ಸಮರ್ಥಿಸಿಕೊಳ್ಳುವುದು ಕಷ್ಟ. ನಾನು ಅದರ ಮೇಲೊಂದು ಟವೆಲ್ ಹಾಕಿ ಪೇಟೆ ದಾಟತೊಡಗಿದೆ.

ಹೀಗಿರುವಾಗ ಯಲ್ಲಾಪುರದಲ್ಲಿ ನೆಂಟರ ಮನೆಯ ಗೃಹಪ್ರವೇಶ ಬಂತು. ಆಯಿ ಮುಂದೆ, ಸುಮಾ ಹಿಂದೆ ಮಗಳ ಪಕ್ಕದಲ್ಲಿ, ಹೋಗುವಾಗ ತೊಂದರೆಯಾಗಲಿಲ್ಲ. ಊಟ ಮುಗಿಸಿ ಹೊರಡುವಾಗ ಮತ್ತಿಘಟ್ಟದ ದೊಡ್ಡಪ್ಪ ಚೀಲ ಹಿಡಿದು ಕಾರಿನ ಹತ್ತಿರ ಬಂದ. ಶಿರಸಿಯವರೆಗೆ ಜೊತೆಗೇ ಬರುತ್ತೇನೆಂದ. ದೊಡ್ಡಪ್ಪನದು ಭಾರಿ ಶರೀರ. ಆ ಸೀಟು, ಸುಮಾ, ದೊಡ್ಡಪ್ಪ ಮೂವರೂ ಹಿಂದೆ ಹಿಡಿಯುವಂತಿರಲಿಲ್ಲ. ಅವನನ್ನು ಮುಂದೆ ಕೂರಿಸಿದರೂ ಆ ಪುಟ್ಟ ಕಾರಿನ ಹಿಂದೆ ಆಯಿಗೆ ಜಾಗ ಸಾಲುತ್ತಿರಲಿಲ್ಲ.

"ಆ ಕುರ್ಚಿ ಡಿಕ್ಕಿಗೆ ಹಾಕು ತಮಾ. ಕೂಸು ಯನ್ನ ತೊಡೆ ಮೇಲೆ ಬತ್ತು" ಎಂದ.

ಎಲೆ ಅಡಿಕೆ ಹಾಕುತ್ತ ಚಪ್ಪರದಲ್ಲಿ ಕೂತವರೆಲ್ಲ ಇತ್ತ ತಿರುಗಿದರು. ನನ್ನನ್ನು ಎತ್ತಿ ಆಡಿಸಿದ ಹಿರಿಯನಿಗೆ, ಬಸ್ಸಿನಲ್ಲಿ ಟಿಕೆಟ್ಟೂ ಬೇಡದ ನಾಲ್ಕು ತಿಂಗಳ ಕೂಸು ಕೂತಿದೆ, ನಿನಗೆ ಜಾಗವಿಲ್ಲ ಎಂದು ಹೇಳುವುದು ಹೇಗೆ? ನನ್ನ ಕೈ ಆಗಲೇ ಬೆಲ್ಟಿನ ಗುಂಡಿಯ ಮೇಲಿತ್ತು. ಸುಮಾ ನನ್ನ ಕೈ ನೋಡಿದಳು, ಮುಖ ನೋಡಲಿಲ್ಲ.

"ನೀವು ಕಾರಲ್ಲಿ ಬನ್ನಿ. ಆನು ಬಸ್ಸಿಗೆ ಬತ್ತೆ. ಕೂಸು ಅದ್ರಲ್ಲೇ ಇರ್ಲಿ" ಎಂದು ದೊಡ್ಡಪ್ಪನಿಗೆ ಮೆಲ್ಲಗೆ ಹೇಳಿ, ಮಗಳಿಗೆ ಹಾಲು ಕುಡಿಸಿ ಕಟ್ಟಿ, ಬಸ್ ಸ್ಟ್ಯಾಂಡಿನ ಕಡೆಗೆ ನಡೆದೇಬಿಟ್ಟಳು. ಹಸುಗೂಸಿನ ತಾಯಿಯನ್ನು ಬಸ್ಸಿಗೆ ಕಳಿಸಿ ಕಾರಿನಲ್ಲಿ ಹೊರಟ ಗಂಡನನ್ನು ಚಪ್ಪರದ ಜನ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ನೋಡಿದರು.

ಮಂಚೀಕೇರಿ ದಾಟುವವರೆಗೆ ಮಗಳು ನಿದ್ದೆ ಮಾಡಿದಳು. ಎದ್ದವಳು ತಾಯಿಯನ್ನು ಕಾಣದೆ ಅಳತೊಡಗಿದಳು. ಆಯಿ ಮುಂದಿನಿಂದ ಬಗ್ಗಿ ಚಪ್ಪಾಳೆ ತಟ್ಟಿದಳು. ದೊಡ್ಡಪ್ಪ ಬೀಗದ ಕೈ ಗೊಂಚಲು ಆಡಿಸಿದ. ಅಳು ಏರಿತು. ದೊಡ್ಡಪ್ಪನ ಕೈ ಪಟ್ಟಿಯ ಕಡೆಗೆ ಹೋದದ್ದು ನನಗೆ ಕನ್ನಡಿಯಲ್ಲಿ ಕಂಡಿತು.

"ಮುಟ್ಟಡಿ ದೊಡ್ಡಪ್ಪ. ಕಾರು ನಿಲ್ಸ್ತೆ" ಎಂದೆ.

ಅವನಿಗೆ ಜೀವಮಾನದಲ್ಲಿ ನಾನು ಬೇಡ ಎಂದದ್ದು ಅದೇ ಮೊದಲು. ಕಿವಿಯೆಲ್ಲ ಬಿಸಿಯಾಯಿತು. ರಸ್ತೆ ಪಕ್ಕಕ್ಕೆ ನಿಲ್ಲಿಸಿ, ಇಳಿದು, ಪಟ್ಟಿ ಬಿಚ್ಚಿ ಮಗಳನ್ನು ಅವನ ಕೈಗೆ ಕೊಟ್ಟೆ. ದೊಡ್ಡಪ್ಪ ಅವಳನ್ನು ಹೆಗಲಿಗೆ ಹಾಕಿಕೊಂಡು, ಗುಂಯ್‌ಗುಡುತ್ತ, ರಸ್ತೆಯಂಚಿನಲ್ಲಿ ಅತ್ತಿಂದಿತ್ತ ನಡೆದ. ಅಳು ಮಾತ್ರ ನಿಲ್ಲಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಶಿರಸಿ ಬಸ್ಸು ಬಂದು ನಿಂತಿತು. ಕಿಟಕಿಯಿಂದ ಸುಮಾ ನೋಡಿ ನಿಲ್ಲಿಸಿದ್ದಳು. ಹಾವೇರಿ ಕಡೆಯ ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, "ಏನಾತ್ರಿ, ಗಾಡಿ ಕೆಟ್ಟೈತೇನ್ರಿ?" ಎಂದು ಕೇಳಿದ.

"ಇಲ್ಲ, ಕೂಸಿಗೆ ಹಸಿವೆ" ಎಂದೆ.

ಕಿಟಕಿಗೊಂದು ಮುಖ ಮೂಡಿತು. ಅವುಗಳಲ್ಲಿ ಎರಡು ನನ್ನ ಶಾಲೆಯ ಹುಡುಗಿಯರದೇ. ಸುಮಾ ಇಳಿದು ಬಂದು ಮಗಳನ್ನು ಎತ್ತಿಕೊಂಡಳು. ಈಗ ಮತ್ತೆ ಅದೇ ಲೆಕ್ಕ, ಒಬ್ಬರು ಹೆಚ್ಚು. ನಾನು ನೆಲ ನೋಡುತ್ತ ನಿಂತೆ. ದೊಡ್ಡಪ್ಪ ಕಾರಿನಿಂದ ತನ್ನ ಚೀಲ ತೆಗೆದುಕೊಂಡ, ಪಂಚೆ ಎತ್ತಿ ಕಟ್ಟಿದ, ಬಸ್ಸಿನ ಮೆಟ್ಟಿಲು ಹತ್ತಿದ.

"ಸುಮಾನ ಟಿಕೆಟ್ ಇದ್ದಲಾ, ಅದೇ ಜಾಗದಲ್ಲಿ ಆನು ಕೂತ್ಕತ್ತೆ" ಎಂದು ಕಂಡಕ್ಟರಿಗೆ ಹೇಳಿ, ನನ್ನ ಕಡೆ ತಿರುಗಿದ. "ಹಾಲು ಕುಡಿಸಿ ನಿಧಾನಕ್ಕೆ ಬನ್ನಿ. ಮತ್ತೆ ಕಟ್ಟದು ಮರೆಯಡಿ."

ಬಸ್ಸು ಹೋಯಿತು. ಆಯಿ ಸೋಂದಾ ಕ್ರಾಸಿನ ಹತ್ತಿರ ಒಮ್ಮೆ ಹಿಂದೆ ತಿರುಗಿ ಪಟ್ಟಿ ಬಿಗಿಯಾಗಿದೆಯೇ ಎಂದು ಬೆರಳು ತೂರಿಸಿ ನೋಡಿದಳು. ಬಸ್ ಸ್ಟ್ಯಾಂಡಿಗೆ ಹೋದಾಗ ದೊಡ್ಡಪ್ಪ ಮತ್ತಿಘಟ್ಟದ ಬಸ್ಸಿಗೆ ಕಾಯುತ್ತ ಚಹಾ ಕುಡಿಯುತ್ತಿದ್ದ. ಕ್ಷಮೆ ಕೇಳಬೇಕೆಂದು ಹತ್ತಿರ ಹೋದೆ. ಅವನು ಪಕ್ಕದವರಿಗೆ ನನ್ನನ್ನು ತೋರಿಸಿ, "ಯಮ್ಮನೆ ಕೂಸಿಗೆ ಈಗ್ಲೇ ಸ್ವಂತ ಸೀಟಿದ್ದು ಮಾರಾಯ್ರೇ. ದೊಡ್ಡವ್ರು ಬಂದ್ರೂ ಏಳ್ತಿಲ್ಲೆ" ಎಂದು ನಕ್ಕ.

ಆ ನಗುವಿನಲ್ಲಿ ಬೇಸರ ಎಷ್ಟಿತ್ತು, ಹೆಮ್ಮೆ ಎಷ್ಟಿತ್ತು ಎಂದು ಇಂದಿಗೂ ನನಗೆ ಬಿಡಿಸಲಾಗಿಲ್ಲ. ನೆನೆದಾಗಲೆಲ್ಲ ಮುಖ ಕೆಂಪಾಗುವುದೂ ತಪ್ಪಿಲ್ಲ. ಆದರೆ ಒಂದು ಗಮನಿಸಿದ್ದೇನೆ. ನಾಚಿಕೆಯಿಂದ ಸತ್ತೇಹೋದೆ ಎಂದು ನಾವು ಹೇಳುವುದುಂಟು; ಹಾಗೆ ಹೇಳಿದ ಮೇಲೆ ಮನೆಗೆ ಬಂದು, ಕಾಲು ತೊಳೆದು, ಎರಡು ಸಲ ಸಾರು ಬಡಿಸಿಕೊಂಡು ಉಣ್ಣುತ್ತೇವೆ. ಅಂದು ನಾನೂ ಹಾಗೆಯೇ ಉಂಡೆ. ಮಗಳು ಪಕ್ಕದಲ್ಲಿ ಕಾಲು ಬಡಿಯುತ್ತ ಮಲಗಿದ್ದಳು.