ಪದಕದ ಅಂಚು

ತೆಲುಗು ನಾಡಿನ ಗವರ್ನರ್‌ಪೇಟೆಯ ಆ ಗಡಿಯಾರ ರಿಪೇರಿಯವರು ಬಳ್ಳಾರಿ ಕಡೆಯವರು. ಹಳೆಯ ಯುದ್ಧಪದಕ ಕೊಂಡು ಮಾರುವ ನಾನು, ಕೊಳ್ಳುವ ಮುನ್ನ ಅವರಿಗೇ ತೋರಿಸುತ್ತಿದ್ದೆ. ಅಂಚಿನಲ್ಲಿ ಕೊರೆದ ಸೈನಿಕನ ಹೆಸರನ್ನು ಉಗುರಿನಿಂದ ತಡವುತ್ತ, "ಮುಖ ಆಮೇಲೆ, ಮೊದ್ಲು ಅಂಚು ನೋಡ್ರಿ ಸಾರ್" ಎನ್ನುತ್ತಿದ್ದರು.

ಒಮ್ಮೆ ಅವರನ್ನು ಕರೆದುಕೊಂಡು ವಿಶಾಖಪಟ್ಟಣದ ಒಂದು ಮಹಡಿ ಮನೆಗೆ ಹೋದಾಗ ಮುದುಕಿಯೊಬ್ಬರು, ಬರ್ಮಾ ಯುದ್ಧದಿಂದ ಮರಳದ ತಂದೆಯ ಪದಕವನ್ನು ಅವರ ಮುಂದಿಟ್ಟರು. ಅಂಚು ನುಣ್ಣಗಿತ್ತು. ಹಬ್ಬಹಬ್ಬಕ್ಕೂ ಹುಣಸೆಹಣ್ಣು ಹಾಕಿ ಉಜ್ಜಿ, ಪೂಜೆಗೆ ಇಡುತ್ತಿದ್ದರಂತೆ.

"ಹೆಸರಿಲ್ಲಮ್ಮಾ, ಇದು ನಕಲಿ" ಎಂದು ತೆಲುಗಿನಲ್ಲಿ ಹೇಳಿ ಇವರು ಎದ್ದರು. ಆಕೆ ಪದಕವನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ಮೆಟ್ಟಿಲಿಳಿಯುವಾಗ ರಿಪೇರಿಯವರು ನನಗೆ ಹೇಳಿದರು: "ಅಸಲೀನೇ ಸಾರ್. ಹಂಗಂದಿದ್ರೆ ನೀವು ತಗೊಂಬಿಡ್ತಿದ್ರಿ. ಹೆಸರು ಸವೆದದ್ದನ್ನ ನಾಳೆ ನಿಮ್ಮಿಂದ ಯಾರು ತಗಂತಾರ?"

ಮತ್ತೆ ಮೇಲೆ ಹೋಗಿ ಆಕೆಗೆ ನಿಜ ಹೇಳಲು ಹತ್ತು ಮೆಟ್ಟಿಲು ಹತ್ತಿದ್ದರೆ ಸಾಕಿತ್ತು. ನಾನು ಆಟೋ ಕರೆದೆ.