ದೋಣಿ ಬಡಿಗನ ಪಿಕಪ್ಪು

ಅತ್ತೆಯ ಮೀನು ಬುಟ್ಟಿಯನ್ನು ಬಸ್ಸಿನವರು ಹತ್ತಿಸಿಕೊಳ್ಳುವುದಿಲ್ಲ ಎಂದಾದ ಮೇಲೆ ನಮ್ಮಲ್ಲಿ ಪಿಕಪ್ಪಿನ ಮಾತು ಹುಟ್ಟಿತು.

ಅತ್ತೆ ಎಂದರೆ ನನ್ನ ಹೆಂಡತಿಯ ತಾಯಿ. ಅವರ ಮನೆ ಅಂಕೋಲೆಯ ಕಡಲ ದಂಡೆಯಲ್ಲಿ. ಬೆಳಿಗ್ಗೆ ದಂಡೆಯಲ್ಲೇ ಮೀನು ಕೊಂಡು, ಯಲ್ಲಾಪುರ ರಸ್ತೆ ಹಿಡಿದು, ಸುಂಕಸಾಳದ ತನಕ ಉದ್ದನೆಯ ರಾಗದಲ್ಲಿ ಕೂಗುತ್ತ ಮನೆಮನೆಗೆ ಮಾರಿ ಬರುವುದು ಅವರ ಕಸುಬು. ಯಾರ ಮನೆಗೆ ಬಂಗಡೆ, ಯಾರ ಮನೆಗೆ ತಾರ್ಲೆ, ಯಾವ ಅಜ್ಜನಿಗೆ ಮುಳ್ಳು ಕಡಿಮೆಯ ನೊಗ್ಲಿ, ಯಾವ ಮನೆಯಲ್ಲಿ ಸೋಮವಾರ ಮೀನಿನ ಹೆಸರನ್ನೂ ಎತ್ತಬಾರದು, ಎಲ್ಲವೂ ಅವರಿಗೆ ಬಾಯಿಪಾಠ. ಬಸ್ಸಿನವರು ಬುಟ್ಟಿಯಿಂದ ನೀರು ಸೋರುತ್ತದೆ ಎಂದು ತಕರಾರು ತೆಗೆದ ಮೇಲೆ ನಾಲ್ಕೈದು ಹೆಂಗಸರು ಸೇರಿ ಒಂದು ಟೆಂಪೊ ಗೊತ್ತು ಮಾಡಿಕೊಂಡಿದ್ದರು. ಆ ಟೆಂಪೊದವನು ಗಾಡಿ ಮಾರಿ ಗೋವೆಗೆ ಹೋದ. ಅಷ್ಟರಲ್ಲಿ ಸುಂಕಸಾಳದ ಕಡೆಗೆ ಬೈಕಿನ ಹಿಂದೆ ಡಬ್ಬಿ ಕಟ್ಟಿಕೊಂಡು ಹಾರ್ನ್ ಹೊಡೆಯುತ್ತ ತಿರುಗುವ ಒಬ್ಬ ಮೀನಿನವನು ಹುಟ್ಟಿಕೊಂಡ.

“ಗಿರಾಕಿ ಅಂದ್ರೆ ಬೆಕ್ಕಿದ್ದಂಗೆ. ಯಾರು ಮೀನು ಹಾಕ್ತಾರೋ ಅವ್ರ ಮನೇದು” ಎಂದರು ಅತ್ತೆ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಇಳಿದ ಮೊದಲ ವಾರದಲ್ಲೇ ತಾನು ಸುಂಕಸಾಳದಲ್ಲಿ ಕಾಣಿಸಿಕೊಳ್ಳದಿದ್ದರೆ, ಆ ರಸ್ತೆ ತನ್ನ ಪಾಲಿಗೆ ಮುಗಿಯಿತು ಎಂಬುದು ಅವರ ಲೆಕ್ಕ. ಈ ಮಾತನ್ನು ಅವರು ನಗುತ್ತಲೇ ಹೇಳಿದರು. ಆದರೆ ಅದನ್ನೇ ಮೂರು ಸಲ ಹೇಳಿದ್ದರಿಂದ ನಗೆ ಬರೀ ತುಟಿಯ ಮೇಲಿನದು ಎಂದು ನನಗೆ ಗೊತ್ತಾಯಿತು.

ಮಾವ ದೋಣಿ ಬಡಿಗ. ಮರದ ದೋಣಿಗಳ ಕಾಲದಲ್ಲಿ ದೂರದೂರದಿಂದ ಕರೆ ಬರುತ್ತಿತ್ತಂತೆ. ಈಗ ಎಲ್ಲರಿಗೂ ಫೈಬರ್ ದೋಣಿ ಬೇಕು. ಅವರಿಗೆ ಉಳಿದಿರುವುದು ಅಲ್ಲೊಂದು ಇಲ್ಲೊಂದು ತೇಪೆಯ ಕೆಲಸ, ಮತ್ತು ಅಡುಗೆಮನೆಗೆ ಬಂದು ಅತ್ತೆಯ ಸಾರಿಗೆ ಸಲಹೆ ಕೊಡುವ ಕೆಲಸ. ಎರಡನೆಯದನ್ನು ನಿಲ್ಲಿಸಬೇಕೆಂದು ಮನೆಯವರೆಲ್ಲರ ಆಸೆಯಾಗಿತ್ತು.

ನಾನು ಕದ್ವಾಡದ ಗದ್ದೆ ಮನೆಯವನು. ಮದುವೆಯಾದ ಮೇಲೆ ಅತ್ತೆಯ ಮನೆಯಲ್ಲೇ ಇದ್ದು ಅಂಕೋಲೆ ಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತೇನೆ. ಪಂಪು ಬಿಚ್ಚುವವನಿಗೆ ಪಿಕಪ್ಪು ಯಾವ ಮಹಾ ಎಂದು ನಾನು ಎದೆ ತಟ್ಟಿದ್ದು ನಿಜ. ಮಲ್ಲಾಪುರದಲ್ಲಿ ಟೌನ್‌ಶಿಪ್ಪಿನ ಕ್ವಾರ್ಟರ್ಸ್‌ಗೆ ತರಕಾರಿ ಹಾಕುತ್ತಿದ್ದ ಒಬ್ಬರ ಹಳೆಯ ಪಿಕಪ್ಪು ಹಲಸಿನ ಮರದಡಿ ನಿಂತಿದೆ ಎಂದು ಸುದ್ದಿ ಸಿಕ್ಕಿತು. ಹೋಗಿ ನೋಡಿದರೆ ಡ್ರೈವರ್ ಸೀಟಿನಲ್ಲಿ ಕೋಳಿ ಕಾವು ಕೂತಿತ್ತು. ಕಾಲಿಡುವ ತಗಡು ತುಕ್ಕು ತಿಂದು ನೆಲದ ಹುಲ್ಲು ಕಾಣುತ್ತಿತ್ತು. ಹಿಂದಿನ ಬಾಡಿಯಂತೂ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಚಾಸಿಸ್ ಮಾತ್ರ ಗಟ್ಟಿಯಿತ್ತು. ಮರಿ ಆಗುವ ತನಕ ಕೋಳಿಯನ್ನು ಎಬ್ಬಿಸಬಾರದು ಎಂದು ಆ ಮನೆಯಾಕೆ ಹೇಳಿದ್ದರಿಂದ ನಾವು ಕಾಯಬೇಕಾಯಿತು.

ಅಣ್ಣನ ಟ್ರ್ಯಾಕ್ಟರಿಗೆ ಕಟ್ಟಿ ಅಂಕೋಲೆಯ ತನಕ ಎಳೆದು ತಂದೆವು. ಹೆದ್ದಾರಿ ಮುಗಿದು ಮನೆಯ ದಾರಿಗೆ ಇಳಿದದ್ದೇ ತಡ, ಚಕ್ರಗಳು ಮರಳಲ್ಲಿ ಹೂತವು. ಟ್ರ್ಯಾಕ್ಟರ್ ಎಳೆದಷ್ಟೂ ಆಳಕ್ಕೆ ಇಳಿಯಿತು. ಆಗ ಮಾವ ಯಾರನ್ನೂ ಕೇಳದೆ ಕೇರಿಯ ಗಂಡಸರನ್ನು ಕೂಗಿ ಕರೆದರು. ಚಕ್ರದಡಿಗೆ ದೋಣಿ ಎಳೆಯುವ ಉರುಟು ಮರಗಳನ್ನು ಕೊಟ್ಟು, ಹಗ್ಗ ಹಾಕಿ, ಒಬ್ಬ ಪದ ಹೇಳಿ ಉಳಿದವರು ದನಿಗೂಡಿಸಿ, ಪಿಕಪ್ಪನ್ನು ದಂಡೆಗೆ ದೋಣಿ ಏರಿಸುವ ಹಾಗೆ ಏರಿಸಿ ಅಂಗಳದಲ್ಲಿ ನಿಲ್ಲಿಸಿದರು. ನನ್ನ ಅಣ್ಣ ಟ್ರ್ಯಾಕ್ಟರ್ ಮೇಲೆ ಕೂತು ಬಾಯಿ ಬಿಟ್ಟುಕೊಂಡು ನೋಡಿದ. ಆ ಹೊತ್ತಿಗೇ ಮಾವನ ತಲೆಯಲ್ಲಿ ಅದು ದೋಣಿ ಎಂದು ಕೂತುಬಿಟ್ಟಿರಬೇಕು.

ಅಳಿಯ ಮನೆ ತೊಳಿಯ ಎಂದು ಗಾದೆ ಇದೆಯಲ್ಲ, ನಾನು ಮನೆ ತೊಳೆಯದಿದ್ದರೂ ಆ ಗಾಡಿಯನ್ನು ಡೀಸೆಲ್ ಹಾಕಿ ತೊಳೆದದ್ದೇ ತೊಳೆದದ್ದು. ಮಳೆ ಶುರುವಾಗಿತ್ತು, ಮೇಲೆ ತಾಡಪಾಲು ಕಟ್ಟಿಕೊಂಡು ಅದರಡಿ ಇಂಜಿನ್ ಇಳಿಸಿದೆ. ಬೋರ್ ಮಾಡಿಸಲು ಕಾರವಾರದ ಲೇಥಿಗೆ ಹೋಗಿ ಬಂದೆ. ಕ್ಲಚ್ ಪ್ಲೇಟು, ಬ್ರೇಕು, ಸೆಲ್ಫು, ಒಂದೊಂದಾಗಿ ಸರಿಯಾದವು. ಹೆಂಡತಿ ಸಂಜೆ ಹೊತ್ತು ಪಾನಾ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದಳು. ಗಾಡಿ ಓಡಿಸುವವಳು ತಾನೇ ಎಂದು ಮೊದಲೇ ಘೋಷಿಸಿ, ಕಾರವಾರದಲ್ಲಿ ಲೈಸೆನ್ಸು ಕೂಡ ಮಾಡಿಸಿಕೊಂಡಿದ್ದಳು. ಇಂಜಿನ್ ಮೊದಲ ಸಲ ಕೆಮ್ಮಿ ಎದ್ದ ದಿನ ಅಂಗಳವೆಲ್ಲ ಹೊಗೆ ತುಂಬಿತು. ಒಣಗಲು ಹಾಕಿದ್ದ ಸೀರೆ ಕಪ್ಪಾಯಿತು ಎಂದು ಪಕ್ಕದ ಮನೆಯವರು ಎರಡು ದಿನ ಮಾತು ಬಿಟ್ಟರು.

ಬಾಡಿ ಮಾತ್ರ ಮಾವನ ಪಾಲಿಗೆ ಬಂತು. ತಗಡು ಹಾಕಿಸಿದರೆ ಉಪ್ಪುಗಾಳಿಗೆ ಎರಡು ವರ್ಷವೂ ಬಾಳುವುದಿಲ್ಲ, ಮರವೇ ಸೈ ಎಂದು ಅವರು ಮಾಡಿನ ಕೆಳಗಿಂದ ಹೆಬ್ಬಲಸಿನ ಹಲಗೆಗಳನ್ನು ಇಳಿಸಿದರು. ಅವು ಯಾರೋ ಮಾಡಿಕೊಡಲು ಹೇಳಿ ಆಮೇಲೆ ಬೇಡವೆಂದ ದೋಣಿಗೆ ಕೊಯ್ಯಿಸಿಟ್ಟ ಹಲಗೆಗಳು. ಧೂಳು ಒರೆಸುವಾಗ ಅವರ ಕೈ ಹಲಗೆಯ ಮೇಲೆ ಸುಮ್ಮನೆ ಒಂದಷ್ಟು ಹೊತ್ತು ನಿಂತಿತ್ತು.

ಆಮೇಲೆ ಕೇಳಬೇಕೆ? ಹಲಗೆಗೆ ಹಲಗೆ ಬಿಗಿಯಾಗಿ ಜೋಡಿಸಿದರು. ಉಳಿದ ಕೂದಲೆಳೆಯಷ್ಟು ಸಂದಿಗೂ ಹತ್ತಿ ನೂಲು ತುರುಕಿ, ಎಣ್ಣೆಯಲ್ಲಿ ಕಾಯಿಸಿದ ರಾಳ ಬಳಿದರು. ಅಡುಗೆಮನೆಯತ್ತ ತಲೆ ಹಾಕಲಿಲ್ಲ. ಅತ್ತೆಯ ಸಾರು ಯಾರ ಸಲಹೆಯೂ ಇಲ್ಲದೆ ರುಚಿಯಾಯಿತು. ಗಾಡಿಯನ್ನು ಆರ್‌ಟಿಒ ಪಾಸಿಂಗಿಗೆ ಒಯ್ದಾಗ ನೋಡಿದ ಅಧಿಕಾರಿ ಹಲಗೆಯನ್ನು ಬೆರಳಲ್ಲಿ ಬಡಿದು, ಯಾವ ಗ್ಯಾರೇಜು ಎಂದು ಕೇಳಿದರು. ದಂಡೆ ಎಂದರು ಮಾವ.

ದೋಣಿ ಇಳಿಯಲು ವಾರವಿದೆ ಎನ್ನುವಾಗ ರಾತ್ರಿಯಿಡೀ ಜಡಿಮಳೆ ಸುರಿದು ತಾಡಪಾಲು ಹಾರಿಹೋಯಿತು. ಬೆಳಿಗ್ಗೆ ಎದ್ದು ನೋಡುತ್ತೇನೆ, ಪಿಕಪ್ಪು ಮೂಗು ಮೇಲೆತ್ತಿ, ಹಿಂಭಾಗ ನೆಲಕ್ಕೆ ಕುಕ್ಕರಿಸಿ ಕೂತಿದೆ. ಬಾಡಿಯ ಅಂಚಿನ ತನಕ ನೀರು. ಒಂದು ಕಪ್ಪೆ ಆಗಲೇ ಈಜುತ್ತಿತ್ತು. ಸ್ಪ್ರಿಂಗು ಹೋಯಿತೆಂದು ನಾನು ತಲೆ ಮೇಲೆ ಕೈಯಿಟ್ಟು ನಿಂತರೆ, ಮಾವ ಬರಿಮೈಯಲ್ಲಿ ಓಡಿ ಬಂದು ಗಾಡಿಯ ಅಡಿಗೆ ನುಸುಳಿ, ಅಂಗೈಯಲ್ಲಿ ಹಲಗೆ ಸವರಿ, ಮದುಮಗನ ಕಳೆ ಹೊತ್ತು ಹೊರಬಂದರು.

“ಒಂದ್ ಹನಿ ಸೋರ್ಲಿಲ್ಲ, ಕಂಡ್ಯಾ?”

ಕೇರಿಯವರನ್ನೆಲ್ಲ ಕರೆದು ತೋರಿಸಿದರು. ಅವರೂ ಬಗ್ಗಿ ಬಗ್ಗಿ ನೋಡಿ ಭೇಷ್ ಎಂದರು. ಸಾರಿಗೆ ನೀರು ಸೇದುವ ತಾಪತ್ರಯ ತಪ್ಪಿತು ಎಂದು ಅತ್ತೆ ಒಬ್ಬರೇ ಗೊಣಗಿದ್ದು. ಕಡಲಿನವರಿಗೆ ನೀರು ಒಳಗೆ ಬಾರದಿರುವುದೊಂದೇ ಚಿಂತೆ. ನಾನು ಗದ್ದೆಯವನು. ನಮ್ಮೂರಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರು ಉಬ್ಬರಕ್ಕೆ ಬರುತ್ತದೆ, ಇಳಿತಕ್ಕೆ ಹೋಗಬೇಕು. ಗದ್ದೆಯ ಕಟ್ಟೆಗೆ ಕಾಲಿಡುವವನು ಮೊದಲು ನೋಡುವುದು ನೀರು ಹೋಗುವ ಬಾಗಿಲನ್ನು. ಮೀನಿನ ಮೇಲೆ ಮಂಜುಗಡ್ಡೆ ಹಾಕುತ್ತೀರಿ, ಅದು ಕರಗಿದ ನೀರು ಎಲ್ಲಿಗೆ ಹೋಗಬೇಕು ಎಂದು ಮೆಲ್ಲಗೆ ಕೇಳಿದೆ.

ಡಬ್ಬಿಯಲ್ಲಿ ಮೊಗೆದು ಹೊರಗೆ ಚೆಲ್ಲಿದರಾಯಿತು ಎಂದರು ಮಾವ. ದಾರಿಯುದ್ದಕ್ಕೂ ಮೀನು ನೀರಲ್ಲಿ ಕೂತರೆ ಹೊಟ್ಟೆ ಒಡೆಯುತ್ತದೆ, ಹೊಟ್ಟೆ ಒಡೆದ ಮೀನನ್ನು ಸುಂಕಸಾಳದ ಹೆಂಗಸರು ಬೆಕ್ಕಿಗೂ ಹಾಕುವುದಿಲ್ಲ ಎಂದರು ಅತ್ತೆ. ಹಿಂದಿನ ಮೂಲೆಯಲ್ಲಿ ಒಂದು ತೂತು ಕೊರೆದು ಬೂಚು ಹಾಕೋಣ ಎಂದೆ ನಾನು. ಅಷ್ಟೇ ಅಂದದ್ದು.

“ಫೈಬರ್ ದೋಣಿಗೆ ಅಡಿಯಲ್ಲಿ ತೂತು, ಅದ್ಕೊಂದು ಬೂಚು. ಅದ್ಕೇ ನಾ ಅದ್ನ ದೋಣಿ ಅನ್ನೂದಿಲ್ಲ” ಎಂದು ಮಾವ ಎದ್ದರು. “ನನ್ ಕೈಯಿಂದ ಅದಾಗೂದಿಲ್ಲ. ಬೇಕಾದವ್ರು ಮಾಡ್ಕಳಿ.” ಹೆಗಲಿಗೆ ಟವೆಲ್ ಹಾಕಿಕೊಂಡು ದಂಡೆಗೆ ನಡೆದರು.

ಅತ್ತೆ ಇದ್ದಿಲ ತುಂಡು ತಂದು ಮೂಲೆಯಲ್ಲಿ ಗುರುತು ಹಾಕಿದರು. ನಾನು ಡ್ರಿಲ್ ಹಿಡಿದೆ. ಹೆಬ್ಬಲಸು ಸುಲಭಕ್ಕೆ ಬಗ್ಗುವ ಮರವಲ್ಲ. ಡ್ರಿಲ್ಲಿನ ಕಿರುಚು ದಂಡೆಯ ತನಕ ಕೇಳಿಸಿರಬೇಕು. ನೀರು ಪಿಚಕಾರಿಯ ಹಾಗೆ ನನ್ನ ಮುಖಕ್ಕೇ ಹೊಡೆಯಿತು. ಹೆಂಡತಿ ಬಿದ್ದು ಬಿದ್ದು ನಕ್ಕಳು. ಅತ್ತೆ ನಗಲಿಲ್ಲ. ಕೊನೆಯ ಹನಿ ಇಳಿಯುವ ತನಕ ಅವರು ದಂಡೆಯ ಕಡೆಗೇ ನೋಡುತ್ತಿದ್ದರು. ಮಾವ ಮಧ್ಯಾಹ್ನ ಊಟಕ್ಕೆ ಬರಲಿಲ್ಲ, ಬಂದ ಮೇಲೂ ಗಾಡಿಯ ಕಡೆ ಮುಖ ಹಾಕಲಿಲ್ಲ. ನನಗೆ ಬೇಸರವಾಯಿತು, ಸಿಟ್ಟೂ ಬಂತು. ಒಳ್ಳೆಯದಕ್ಕೇ ಮಾಡಿದ್ದಲ್ಲವೇ ಎಂದು ಹೆಂಡತಿಯ ಮುಂದೆ ಹಾರಾಡಿದೆ. ತೂತಿಗೆ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಗಿಡಿದು ಕೂತೆ, ಅದು ನಿಲ್ಲಲಿಲ್ಲ.

ದೋಣಿಗಳು ಇಳಿದವು. ಮೊದಲ ಬಂಗಡೆ ದಂಡೆಗೆ ಬಿತ್ತು. ಬೆಳಿಗ್ಗೆ ಹೊರಡಲು ಹೋದರೆ ತೂತಿಗೆ ಮರದ ಬೂಚು ಕೂತಿತ್ತು. ಹೆಬ್ಬಲಸಿನದೇ, ನುಣ್ಣಗೆ ತೀಡಿ, ಎಣ್ಣೆ ಕುಡಿಸಿ, ಕಳೆದುಹೋಗದಂತೆ ನೈಲಾನ್ ದಾರದಲ್ಲಿ ಬಾಡಿಗೆ ಕಟ್ಟಿದ್ದು. ಮಾವ ಅಂಗಿ ತೊಟ್ಟು ಗಾಡಿಯ ಹಿಂದೆ ಮೊದಲೇ ಹತ್ತಿ ಕೂತಿದ್ದರು. ತಮ್ಮ ಕೆಲಸ ರಸ್ತೆಯ ಮೇಲೆ ಹೇಗೆ ತಡೆಯುತ್ತದೆ ನೋಡಬೇಕಂತೆ. ನಾನೂ ಹತ್ತಿ ಅವರ ಪಕ್ಕ ಕೂತೆ.

ಸುಂಕಸಾಳ ಮುಟ್ಟಿ ಹೆಂಡತಿ ಗಾಡಿ ನಿಲ್ಲಿಸಿ ಹಾರ್ನ್ ಹೊಡೆದಳು. ಯಾರೂ ಬರಲಿಲ್ಲ. ಮುಂದಿನ ತಿರುವಿನಲ್ಲೂ ಹೊಡೆದಳು. ಒಬ್ಬ ಹೆಂಗಸು ಜಗುಲಿಯಿಂದ ನೋಡಿ, ಯಾರದೋ ಗಾಡಿ ಎಂದು ಒಳಗೆ ಹೋದಳು. ಜಗುಲಿಯತ್ತ ತಿರುಗಿದ ಅತ್ತೆಯ ಮುಖ ಸಣ್ಣದಾದದ್ದು ನಮಗೆ ಕ್ಯಾಬಿನ್ನಿನ ಕಿಂಡಿಯಿಂದಲೇ ಕಂಡಿತು. ಇಷ್ಟೆಲ್ಲ ಮಾಡಿದ್ದು ಇದಕ್ಕೇನಾ ಎಂದುಕೊಂಡೆ.

ಅತ್ತೆ ಬಾಗಿಲು ತೆಗೆದು ಇಳಿದರು. ಬುಟ್ಟಿ ಕೇಳಿದರು. ಮಾವ ಅದನ್ನು ತುಂಬಿ ಎತ್ತಿ ಅವರ ತಲೆಯ ಮೇಲಿಟ್ಟರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಮ್ಮ ಆ ಉದ್ದನೆಯ ರಾಗದ ಕೂಗು ಹಾಕುತ್ತ ಅತ್ತೆ ಮುಂದೆ ನಡೆದರು. ಅವರ ಹಿಂದೆ ನಮ್ಮ ಹೊಸ ಪಿಕಪ್ಪು ಒಂದನೇ ಗೇರಿನಲ್ಲಿ ತೆವಳಿತು. ಮೊದಲ ಮನೆಯ ಬಾಗಿಲು ತೆರೆಯಿತು, ಆಮೇಲೆ ಎರಡನೆಯದು. ಇಷ್ಟು ದಿನ ಎಲ್ಲಿ ಸತ್ತಿದ್ದೆ ಎಂದು ಒಬ್ಬಾಕೆ ಜೋರು ಮಾಡಿದಳು. ನೊಗ್ಲಿಯ ಅಜ್ಜ ಕೋಲೂರಿಕೊಂಡು ಗೇಟಿನ ತನಕ ಬಂದರು. ಬೈಕಿನವನು ಒಮ್ಮೆ ಎದುರಾಗಿ, ನಮ್ಮ ಮೆರವಣಿಗೆ ನೋಡಿ, ಹಾರ್ನ್ ಹೊಡೆಯದೆ ದಾಟಿಹೋದ.

ಕೊನೆಯ ಮನೆಯ ಅಜ್ಜಿ ಮೀನು ತೆಗೆದುಕೊಂಡು, ಬಕೆಟ್ ತಂದು ನಿಂತರು. ಮೀನು ನೀರು ತೆಂಗಿನ ಸಸಿಗೆ ಒಳ್ಳೆಯದಂತೆ. ದಾರಿಯಲ್ಲಿ ಎರಡು ಸಲ ನಾನೇ ಬೂಚು ತೆಗೆದು ನೀರು ಬಿಟ್ಟಿದ್ದೆ. ಈ ಸಲ ಮಾವ ನನ್ನ ಕೈಗೆ ಬಿಡದೆ ತಾವೇ ಇಳಿದು, ಬೂಚು ತಿರುಚಿ ತೆಗೆದರು. ನೀರು ಸಣ್ಣ ಬಿಲ್ಲಿನ ಹಾಗೆ ನೇರ ಬಕೆಟ್ಟಿಗೆ ಬಿತ್ತು, ಹೊರಗೆ ಒಂದು ಹನಿಯೂ ಚೆಲ್ಲಲಿಲ್ಲ. ಅವರು ಅದನ್ನೇ ನೋಡುತ್ತ ನಿಂತರು.

“ತೂತು ಒಂದ್ ಬೆರಳು ಎಡಕ್ಕೆ ಇರ್ಬೇಕಿತ್ತು, ಅಳಿಯಾ. ಮೂಲೇಲಿ ನೀರು ಉಳೀತದೆ.”

ತಪ್ಪಾಯಿತು ಎಂದೆ. ಅಷ್ಟು ಖುಷಿಯಿಂದ ನಾನು ಎಂದೂ ಆ ಮಾತು ಹೇಳಿಲ್ಲ.

ಬರಿದಾದ ಗಾಡಿಯಲ್ಲಿ ವಾಪಸು ಬರುವಾಗ ಮಾವ ರಾಳ ಬಳಿದ ಸಂದುಗಳನ್ನು ಬೆರಳಲ್ಲಿ ಸವರುತ್ತಿದ್ದರು. ಅಂಕೋಲೆ ಹತ್ತಿರವಾಗುತ್ತಿದ್ದಂತೆ ಕ್ಯಾಬಿನ್ನಿನ ಕಿಂಡಿಗೆ ಬಾಯಿಟ್ಟು ಕೇಳಿದರು.

“ನಾಳೆ ಯಷ್ಟೊತ್ತಿಗೆ ಹೊರಡೂದು ನಾವು?”

ಅತ್ತೆ ಹಿಂದಕ್ಕೆ ತಿರುಗಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡರು.

“ಬೆಳಗಾಗೂದ್ರೊಳಗೆ. ಬೂಚು ಹಾಕೂದು ಮರೀಬೇಡಿ” ಎಂದರು.