ಮೇವಿಸ್‌ಗೆ ಬಿದ್ದ ಆರುಗಳು

ಪೋರ್ಟ್ ಪಿರಿ ಎಂಬ ಊರಿನ ಸೀಸದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ಮೇವಿಸ್, ತನ್ನ ಅದೃಷ್ಟವೇ ಕೆಟ್ಟದ್ದೆಂದು ಮೂವತ್ತು ವರ್ಷ ನಂಬಿದ್ದಳು. ಪ್ರತಿ ಕ್ರಿಸ್‌ಮಸ್ ಮಧ್ಯಾಹ್ನ ಮನೆಮಂದಿ ಲೂಡೊ ಆಡುತ್ತಿದ್ದರು. ಎಲ್ಲರ ದಾಳವನ್ನೂ ಎಸೆಯುವವನು ಅವಳ ಗಂಡ ಡೆಸ್ಮಂಡ್. ಬಿದ್ದದ್ದನ್ನು ಯಾರೂ ನೋಡುವ ಮೊದಲೇ ಎತ್ತಿಕೊಂಡು ಸಂಖ್ಯೆ ಕೂಗುವವನೂ ಅವನೇ. ಪ್ರಶ್ನಿಸಿದವರಿಗೆ ಕಪಾಳಮೋಕ್ಷ. ಮೇವಿಸ್ ಒಮ್ಮೆಯೂ ಗೆದ್ದಿರಲಿಲ್ಲ.

ಆ ವರ್ಷ ಮಗಳು ರೋವೆನಾ ಅದೇ ಆಟವನ್ನು ಟಿವಿಯಲ್ಲಿ ಆಡುವ ಯಂತ್ರ ತಂದಳು. ದಾಳ ಪರದೆಯ ಮೇಲೆ ತಾನೇ ಉರುಳುತ್ತಿತ್ತು. ಮೇವಿಸ್‌ಗೆ ಆರರ ಮೇಲೆ ಆರು ಬಿದ್ದು ನಾಲ್ಕೂ ಕಾಯಿ ಹಣ್ಣಾದವು. ತನ್ನ ಅದೃಷ್ಟ ಇಷ್ಟು ದಿನ ಗಂಡನ ಮುಷ್ಟಿಯಲ್ಲಿತ್ತೆಂದು ಅವಳಿಗೆ ಆಗ ಹೊಳೆಯಿತು.

"ಏನೇ, ಇಬ್ರೂ ಸೇರ್ಕೊಂಡು ಮೋಸ ಮಾಡ್ತಿದೀರಾ?" ಎಂದ ಡೆಸ್ಮಂಡ್.

"ಮೋಸ ಮಾಡೋಕೆ ಈ ಯಂತ್ರಕ್ಕೆ ಕೈ ಎಲ್ಲಿದೆ ಅಪ್ಪಾ?" ರೋವೆನಾ ನಕ್ಕಳು.

ಅವನು ಕ್ರಿಕೆಟ್ ಬ್ಯಾಟೆತ್ತಿ ಟಿವಿಯನ್ನು ಪುಡಿಗಟ್ಟಿದ. ಎರಡನೆಯ ಏಟು ಅಡ್ಡ ಬಂದ ರೋವೆನಾಳ ಮುಂಗೈಗೆ ಬಿತ್ತು. ಮೂಳೆ ಮುರಿದ ಸದ್ದು ಮೇವಿಸ್‌ಗೆ ಕೇಳಿಸಿತು. ಅವಳು ಕುರಿಮಾಂಸ ಹುರಿದಿದ್ದ ಕಬ್ಬಿಣದ ಬಾಣಲೆಯನ್ನು ಎರಡೂ ಕೈಯಲ್ಲೆತ್ತಿ ಅವನ ಮಂಡಿಗೆ ಬಾರಿಸಿದಳು. ಕುಸಿದವನು ಬ್ಯಾಟಿಗೆ ಕೈಚಾಚಿದಾಗ ಆ ಕೈಗೂ ಬಿತ್ತು.

"ಸಾಯಿಸ್ತೀಯೇನೇ?" ಎಂದು ಅರಚಿದ.

"ಅಲ್ಲಾಡಿದ್ರೆ ಹೌದು," ಎಂದು ಅವಳು ಬಾಣಲೆ ಕೆಳಗಿಡದೆಯೇ ಪೊಲೀಸರಿಗೆ ಫೋನ್ ಮಾಡಿದಳು.

ಡೆಸ್ಮಂಡ್ ಜೈಲಿಗೆ ಹೋದವನು ಮತ್ತೆ ಆ ಮನೆಗೆ ಬರಲಿಲ್ಲ. ರೋವೆನಾಳ ಮೂಳೆ ಸ್ವಲ್ಪ ಸೊಟ್ಟಗೇ ಕೂಡಿಕೊಂಡಿತು. ತಾಯಿ ಮಗಳು ಈಗ ಪ್ರತಿ ಭಾನುವಾರ ಹೊಸ ಟಿವಿಯ ಮುಂದೆ ಆಡುತ್ತಾರೆ. ಸೋತ ದಿನ ಮೇವಿಸ್ ಮಗಳನ್ನು ಹುಸಿಮುನಿಸಿನಿಂದ ಬೈದು ಚಹಾ ಮಾಡಲು ಏಳುತ್ತಾಳೆ.